ಕಾದಂಬರಿಯ ಪಾಠವೂ ಸಂಘರ್ಷದ ತಿಳಿವಳಿಕೆಯೂ

ಕಾದಂಬರಿಯೊಂದನ್ನು ಓದಿ ಮುಗಿಸಿದ ವಿದ್ಯಾರ್ಥಿಯನ್ನು ಕಥಾನಾಯಕಿಯ ಸ್ವಭಾವವೇನೆಂದು ಕೇಳಿದರೆ, ‘ಸಹನಾಶೀಲೆ, ಸಾಧ್ವಿ, ಕಷ್ಟಸಹಿಷ್ಣು’ ಎಂದು ವಿಶೇಷಣಗಳ ಸರವನ್ನೇ ಒಪ್ಪಿಸಿಬಿಡುವನು. ಪರೀಕ್ಷೆಗೆ ಇಷ್ಟು ಸಾಕಾದೀತು. ಆದರೆ ಆ ಗುಣಗಳು ಆಕೆಯಲ್ಲಿ ಹೇಗೆ ಬೆಳೆದುವು, ಕಥೆಯು ಆ ದಾರಿಯನ್ನೇ ಏಕೆ ಹಿಡಿಯಿತು ಎಂಬುದು ಅವನಿಗೆ ತಿಳಿದಿರುವುದಿಲ್ಲ. ತಿಳಿಯಬೇಕಾದರೆ ಕಾದಂಬರಿಯಲ್ಲಿನ ಸಂಘರ್ಷವನ್ನು ಉಪಾಧ್ಯಾಯರು ಬಿಡಿಸಿ ತೋರಿಸಬೇಕು.

ಸಂಘರ್ಷವೆಂದೊಡನೆ ಮಕ್ಕಳು ಜಗಳವೆಂದು ಭಾವಿಸುವುದುಂಟು. ಇದು ಮೊದಲು ಕಳೆಯಬೇಕಾದ ಭ್ರಮೆ. ಒಬ್ಬರಿಗೆ ಏನೋ ಬೇಕಾಗಿದೆ, ಅದಕ್ಕೊಂದು ಅಡ್ಡಿಯಿದೆ, ಆ ಅಡ್ಡಿಯ ಮುಂದೆ ನಿಂತು ಅವರು ಏನನ್ನಾದರೂ ಆರಿಸಿಕೊಳ್ಳಲೇಬೇಕು. ಈ ಮೂರೂ ಕೂಡಿದಲ್ಲಿಯೇ ಸಂಘರ್ಷ.

ಕೊರಟಗೆರೆ ತಾಲ್ಲೂಕಿನ ಕೊಳಾಲ ಹೋಬಳಿಯ ಮಕ್ಕಳಿಗೆ ಇದರ ಉದಾಹರಣೆಯನ್ನು ದೂರದಿಂದ ತರಬೇಕಾಗಿಲ್ಲ. ಎಸ್. ಎಲ್. ಭೈರಪ್ಪನವರ ‘ಗೃಹಭಂಗ’ (1970) ಇದೇ ತುಮಕೂರು ಜಿಲ್ಲೆಯ ತಿಪಟೂರು ಸೀಮೆಯ ಕಥೆ. ಅದರಲ್ಲಿ ಅತ್ತೆ ಗಂಗಮ್ಮನ ಬೈಗುಳಕ್ಕೆ ಕೊನೆಯಿಲ್ಲ; ಮಕ್ಕಳು ಅದನ್ನೇ ಓದಿ ನಗುವರು. ನಗಲಿ, ತಪ್ಪಿಲ್ಲ. ಆದರೆ ಕಥೆಯನ್ನು ಮುಂದಕ್ಕೆ ನೂಕುವುದು ಆ ಬೈಗುಳವೊಂದೇ ಅಲ್ಲ. ಸೊಸೆ ನಂಜಮ್ಮನ ಗಂಡ ಚೆನ್ನಿಗರಾಯ ವಂಶಪಾರಂಪರ್ಯವಾಗಿ ಶ್ಯಾನುಭೋಗ. ಲೆಕ್ಕ ಬರೆಯುವ ಶಕ್ತಿ ಅವನಿಗಿಲ್ಲ, ಊಟದ ಚಿಂತೆಯ ಹೊರತು ಬೇರೆ ಚಿಂತೆಯೂ ಇಲ್ಲ. ಮಕ್ಕಳ ಹೊಟ್ಟೆ ತುಂಬಬೇಕೆಂಬುದು ಅವಳ ಬಯಕೆ. ಆಗ ಅವಳು ತಾನೇ ಲೆಕ್ಕವನ್ನು ಕಲಿತು ಬರೆಯತೊಡಗುವಳು.

ಇಲ್ಲಿ ಉಪಾಧ್ಯಾಯರು ಸ್ವಲ್ಪ ನಿಲ್ಲಬೇಕು. ಊರಿನ ಭೂಮಿ ಮತ್ತು ಕಂದಾಯಗಳ ಲೆಕ್ಕವಿಡುತ್ತಿದ್ದ ವಂಶಪಾರಂಪರ್ಯದ ಶ್ಯಾನುಭೋಗಿಕೆಯು 1961ರ ಕಾಯಿದೆಯಿಂದ ರದ್ದಾಯಿತು. ಇಂದಿನ ಹುಡುಗರು ಅದನ್ನು ಕಂಡವರಲ್ಲ. ಬರಹ ಹೆಂಡತಿಯದು, ಹುದ್ದೆ ಗಂಡನದು ಎಂಬ ಗಂಟು ಕಣ್ಣಿಗೆ ಕಟ್ಟದಿದ್ದರೆ ನಂಜಮ್ಮನ ಪಾತ್ರ ಅರ್ಥವಾಗದು. ಅವಳ ಜಾಣ್ಮೆ, ಎದೆಗಾರಿಕೆ, ಊರಿನಲ್ಲಿ ಅವಳಿಗೆ ಬಂದ ಗೌರವ ಎಲ್ಲವೂ ಈ ಗಂಟಿನಿಂದಲೇ ಹೊರಟುವು. ಗಂಡನು ದಕ್ಷನಾಗಿದ್ದರೆ ಏನಾಗುತ್ತಿತ್ತೆಂದು ತರಗತಿಯಲ್ಲಿ ಕೇಳಿ ನೋಡಿ. ಅವಳು ಸುಖವಾಗಿರುತ್ತಿದ್ದಳೆಂದು ಕೆಲವರು ಹೇಳಿಯಾರು. ನಮಗೆ ಈ ನಂಜಮ್ಮನೇ ದೊರೆಯುತ್ತಿರಲಿಲ್ಲವೆಂದು ಯಾವನಾದರೊಬ್ಬನು ಹೇಳಿದರೆ ಪಾಠವು ಫಲಿಸಿತು. ಅವಳ ಮಕ್ಕಳನ್ನು ಕಸಿದುಕೊಂಡ ಪ್ಲೇಗು ಮಾತ್ರ ಬೇರೆ ಬಗೆಯ ಅಡ್ಡಿ, ಅದರೊಡನೆ ವಾದಿಸುವಂತಿಲ್ಲ.

ಅಡ್ಡಿಯೊಡ್ಡುವವರೆಲ್ಲರೂ ದುಷ್ಟರೆಂದು ಮಕ್ಕಳು ತಿಳಿಯದಂತೆ ಕರಾವಳಿಯ ಕಥೆಯೊಂದನ್ನೂ ಜೊತೆಗಿಡುವುದು ಲೇಸು. ಶಿವರಾಮ ಕಾರಂತರ ‘ಚೋಮನ ದುಡಿ’ (1933) ಯಲ್ಲಿ ಚೋಮನು ಎತ್ತುಗಳನ್ನು ಸಾಕಿಕೊಂಡು, ಬೇಸಾಯಕ್ಕೆ ತುಂಡು ನೆಲ ಬೇಕೆಂದು ಹಂಬಲಿಸುವನು. ಅಸ್ಪೃಶ್ಯನೆನಿಸಿದವನಿಗೆ ಅದು ಸಲ್ಲದೆಂಬುದು ಅಂದಿನ ರೂಢಿ. ಧಣಿ ಸಂಕಪ್ಪಯ್ಯನ ಮನಸ್ಸು ಕರಗಿದರೂ ಆತನ ತಾಯಿ ಒಪ್ಪುವುದಿಲ್ಲ. ಮತಾಂತರವಾದರೆ ನೆಲ ಸಿಕ್ಕೀತೆಂದು ಹೊರಟ ಚೋಮನ ಕಾಲು, ತಾನು ನಂಬಿದ ಭೂತದ ನೆನಪಿಗೆ ಹಿಂದಕ್ಕೆ ತಿರುಗುವುದು. ಹೊರಗಿನ ಅಡ್ಡಿಯು ಒಳಗೂ ಇದೆಯೆಂದು ತೋರಿಸಲು ಇದಕ್ಕಿಂತ ಒಳ್ಳೆಯ ಪ್ರಸಂಗವನ್ನು ನಾವು ಕಾಣೆವು.

ಮನೆಯಲ್ಲಿ ತಾಯಿತಂದೆಗಳೂ ಈ ಪಾಠಕ್ಕೆ ನೆರವಾಗಬಹುದು. ಪ್ಲೇಗಿಗೆ ಅಂಜಿ ಊರು ಬಿಟ್ಟು ಗುಡಿಸಲು ಕಟ್ಟಿಕೊಂಡ ಕಾಲದ ಮಾತನ್ನು ಅಜ್ಜಿಯರಿಂದ ಕೇಳಿದ್ದವರು ಮಕ್ಕಳಿಗೆ ಅದನ್ನು ಹೇಳಲಿ. ಬಳಿಕ, ಗಂಗಮ್ಮನೇ ಕಥೆ ಹೇಳಿದರೆ ಹೇಗಿದ್ದೀತೆಂದು ಒಂದು ಪುಟ ಬರೆಯಿಸಬೇಕು. ಗಂಡ ಸತ್ತ ಹೆಂಗಸು, ಇಬ್ಬರು ಗಂಡುಮಕ್ಕಳು, ಮನೆಯ ಯಜಮಾನಿಕೆಗೆ ಅವಳಲ್ಲಿದ್ದ ಆಯುಧವೆಂದರೆ ಬಾಯೊಂದೇ. ಅವಳಿಗೆ ಏನು ಬೇಕಾಗಿತ್ತು? ಈ ಪ್ರಶ್ನೆಗೆ ಗೈಡುಗಳಲ್ಲಿ ಉತ್ತರ ಸಿಕ್ಕುವುದಿಲ್ಲವಾದ್ದರಿಂದ, ಹುಡುಗರು ಪುಸ್ತಕವನ್ನು ಮತ್ತೊಮ್ಮೆ ತೆರೆಯಲೇಬೇಕಾಗುವುದು.