ಫೋರ್ಟ್ರಾನ್ ಭಾಷೆಯ ಕಂಪೈಲರುಗಳೂ ಅದರ ಅಭ್ಯಾಸಸಾಧನಗಳೂ

ಶಾಸ್ತ್ರೀಯ ಗಣನೆಗಳನ್ನು ಯಂತ್ರಮುಖದಿಂದ ಸಾಧಿಸುವದಕ್ಕಾಗಿ ನಿರ್ಮಿತವಾಗಿ, ಇಂದಿಗೂ ಬಳಕೆಯಲ್ಲಿ ಉಳಿದುಬಂದಿರುವ ಕೃತಕಭಾಷೆಗಳಲ್ಲಿ ಫೋರ್ಟ್ರಾನ್ ಎಂಬುದೇ ಎಲ್ಲಕ್ಕೂ ಹಿರಿಯದು. 1957ನೆಯ ಇಸವಿಯಲ್ಲಿ ಅಮೇರಿಕೆಯ ಐಬಿಎಂ ಸಂಸ್ಥೆಯಿಂದ ಹೊರಬಿದ್ದ ಈ ಭಾಷೆಯು, ಅದನ್ನು ಮೊದಲು ನಡೆಯಿಸಿದ ಯಂತ್ರಗಳು ವಸ್ತುಸಂಗ್ರಹಾಲಯಗಳನ್ನು ಸೇರಿದ ಮೇಲೆಯೂ, ಕಾಲಕಾಲಕ್ಕೆ ಪರಿಷ್ಕಾರವನ್ನು ಹೊಂದುತ್ತ 2023ರ ಪ್ರಮಾಣಗ್ರಂಥದ ವರೆಗೆ ನಡೆದುಬಂದಿದೆ. ಇದನ್ನು ಕಲಿಯಬಯಸುವ ಕನ್ನಡ ವಿದ್ಯಾರ್ಥಿಗೆ, ಅದರಲ್ಲಿಯೂ ಧಾರವಾಡ ಜಿಲ್ಲೆಯ ಕುಂದಗೋಳದಂತಹ ಊರಿನಲ್ಲಿದ್ದು ಕಲಿಯಬಯಸುವವನಿಗೆ, ಎರಡು ಸಾಧನಗಳು ಬೇಕು. ಬರೆದ ಕ್ರಮವನ್ನು ಯಂತ್ರಕ್ಕೆ ತಿಳಿಯುವಂತೆ ಮಾರ್ಪಡಿಸುವ ಕಂಪೈಲರು ಒಂದು. ಭಾಷೆಯ ನಿಯಮಗಳನ್ನು ತಿಳಿಯಹೇಳುವ ಗ್ರಂಥವು ಇನ್ನೊಂದು. ಇವುಗಳಲ್ಲಿ ಮೊದಲನೆಯದು ಈಗ ಕಾಸು ಖರ್ಚಿಲ್ಲದೆ ದೊರೆಯುತ್ತದೆ. ಎರಡನೆಯದು ಇಂಗ್ಲಿಷಿನಲ್ಲಿ ಹೇರಳವಾಗಿದ್ದರೂ, ಕನ್ನಡಿಗನಿಗೆ ಬೇಕಾದ ರೂಪದಲ್ಲಿ ಇನ್ನು ಮೇಲೆ ಆಗಬೇಕಾಗಿದೆ. ಸಾಹಿತ್ಯದ ಅಧ್ಯಾಪಕರಿಗೆ ಈ ವಿಷಯದಿಂದೇನು ಎಂಬ ಶಂಕೆಯು ಸಹಜವೇ. ಅದಕ್ಕೆ ಸಮಾಧಾನವು ಮುಂದೆ ತಾನಾಗಿಯೇ ದೊರೆಯುವದು.

ಮೊದಲು ಕಂಪೈಲರೆಂದರೇನೆಂಬುದನ್ನು ನೋಡತಕ್ಕದ್ದು. ಗಣಕಯಂತ್ರವು ಅಂಕೆಗಳ ಆಜ್ಞೆಗಳನ್ನಲ್ಲದೆ ಬೇರೆ ಯಾವದನ್ನೂ ಅರಿಯದು. 1950ರ ದಶಕದ ಆದಿಯಲ್ಲಿ ಲೆಕ್ಕವನ್ನು ಮಾಡಿಸಬೇಕಾದವನು ಅಂತಹ ಆಜ್ಞೆಗಳನ್ನು ಒಂದೊಂದಾಗಿ ಬರೆಯಬೇಕಾಗಿತ್ತು. ಗ್ರೇಸ್ ಹಾಪರ್ ಎಂಬ ವಿದುಷಿಯು, ಸಿದ್ಧಪಡಿಸಿಟ್ಟ ಚಿಕ್ಕ ಚಿಕ್ಕ ಗಣನಾಕ್ರಮಗಳನ್ನು ಯಂತ್ರವೇ ಆಯ್ದು ಜೋಡಿಸುವ ಉಪಾಯವೊಂದನ್ನು ರಚಿಸಿ, ಅದಕ್ಕೆ ‘ಕಲೆಹಾಕುವದು’ ಎಂಬರ್ಥದ ಕಂಪೈಲರ್ ಎಂಬ ಹೆಸರನ್ನಿಟ್ಟಳು. ಅನಂತರ ಜಾನ್ ಬ್ಯಾಕಸ್ ಎಂಬವನ ಮುಂದಾಳುತನದಲ್ಲಿ ಐಬಿಎಂ 704 ಯಂತ್ರಕ್ಕಾಗಿ ಫೋರ್ಟ್ರಾನ್ ಸಿದ್ಧವಾಯಿತು. ಗಣಿತದ ಸೂತ್ರವನ್ನು ಸೂತ್ರದಂತೆಯೇ ಬರೆದರೆ ಸಾಕು, ಉಳಿದುದನ್ನು ಕಂಪೈಲರು ನೋಡಿಕೊಳ್ಳುವದು; ‘ಸೂತ್ರಾನುವಾದ’ವೆಂಬುದೇ ಆ ಹೆಸರಿನ ಅರ್ಥ. ಯಂತ್ರವು ಮಾಡುವ ಅನುವಾದವು ನುರಿತವನ ಕೈಬರಹದಷ್ಟು ಚುರುಕಾಗಿರಲಾರದೆಂದು ಅಂದು ಅನೇಕರು ಸಂದೇಹಪಟ್ಟಿದ್ದರು. ಆ ಸಂದೇಹವನ್ನು ಹುಸಿಮಾಡಿದುದೇ ಈ ಭಾಷೆಯ ದೀರ್ಘಾಯುಷ್ಯಕ್ಕೆ ಮುಖ್ಯ ಕಾರಣವು.

ಕಂಪೈಲರಿಗೆ ಕನ್ನಡದಲ್ಲಿ ‘ಸಂಕಲಕ’ವೆಂದು ಕೆಲವರು ಬಳಸುವದುಂಟು. ಹಾಪರಳ ಮೂಲಾರ್ಥಕ್ಕೆ ಅದು ಚೆನ್ನಾಗಿಯೇ ಹೊಂದುತ್ತದೆ. ಆದರೆ ನಮ್ಮ ಶಾಲೆಗಳಲ್ಲಿ ಸಂಕಲನವೆಂದರೆ ಕೂಡಿಸುವ ಲೆಕ್ಕ. ಲೆಕ್ಕಕ್ಕಾಗಿಯೇ ಹುಟ್ಟಿದ ಭಾಷೆಯ ಪಾಠದಲ್ಲಿ ಸಂಕಲಕವು ಸಂಕಲನವನ್ನು ಮಾಡುವದಿಲ್ಲವೆಂದು ಮೊದಲ ದಿನವೇ ಹೇಳಬೇಕಾಗುವದು ವಿದ್ಯಾರ್ಥಿಗೆ ಅನಾವಶ್ಯಕವಾದ ತೊಡಕು. ಈ ಪದವನ್ನು ರೈಲು, ಕಾಲೇಜುಗಳಂತೆ ಇದ್ದ ಹಾಗೆಯೇ ಕನ್ನಡಕ್ಕೆ ತೆಗೆದುಕೊಳ್ಳುವದು ಲೇಸು.

ಇಷ್ಟು ಹಳೆಯ ಭಾಷೆಯು ಕುಂದಗೋಳದವನಿಗೆ ಇಂದು ಏತಕ್ಕೆ ಬೇಕು? ಹುಬ್ಬಳ್ಳಿಯಿಂದ ಸುಮಾರು 20 ಕಿಲೋಮೀಟರು ದೂರದಲ್ಲಿರುವ ಈ ತಾಲೂಕಿನ ಎರೆಹೊಲಗಳು ಬಹುಮಟ್ಟಿಗೆ ಮಳೆಯನ್ನೇ ನಂಬಿದವು. ಹತ್ತಿ, ಮೆಣಸಿನಕಾಯಿ, ಶೇಂಗಾ, ಹೆಸರು, ಕಡಲೆ, ಬಿಳಿಜೋಳ ಇವು ಇಲ್ಲಿಯ ಬೆಳೆಗಳು. ಮಳೆಯ ಮುನ್ಸೂಚನೆಗಾಗಿ ಜಗತ್ತಿನ ನಾನಾ ದೇಶಗಳಲ್ಲಿ ಬಳಕೆಯಲ್ಲಿರುವ ಡಬ್ಲ್ಯುಆರ್‌ಎಫ್ ಎಂಬ ಗಣನಾಕ್ರಮವು ಹೆಚ್ಚಾಗಿ ಫೋರ್ಟ್ರಾನಿನಲ್ಲಿಯೇ ಬರೆಯಲ್ಪಟ್ಟಿದೆ. ಮಣ್ಣು, ಮಳೆ, ಬಿತ್ತನೆಯ ದಿನ ಇವುಗಳನ್ನು ಕೊಟ್ಟರೆ ಬೆಳೆಯು ಹೇಗೆ ಬಂದೀತೆಂದು ಅಂದಾಜುಮಾಡುವ ಡಿಎಸ್‌ಎಸ್‌ಎಟಿ ಎಂಬುದೂ ಅದೇ ಭಾಷೆಯದು. ಹತ್ತಿ, ಶೇಂಗಾ, ಜೋಳ, ಕಡಲೆಗಳ ಲೆಕ್ಕಗಳು ಅದರಲ್ಲಿ ಸೇರಿವೆ. ಇವೆರಡರ ಮೂಲಪಾಠವೂ ಯಾರು ಬೇಕಾದರೂ ಓದುವಂತೆ ಬಹಿರಂಗವಾಗಿ ದೊರೆಯುತ್ತದೆ. ಆ ಲೆಕ್ಕವು ಇಲ್ಲಿಯ ಮಣ್ಣಿಗೆ ಒಪ್ಪುವದೋ ಇಲ್ಲವೋ ಎಂಬುದನ್ನು ಒಳಹೊಕ್ಕು ಪರೀಕ್ಷಿಸಬೇಕಾದರೆ ಅದರ ಭಾಷೆಯನ್ನು ಬಲ್ಲವನೊಬ್ಬನು ಇಲ್ಲಿಯೇ ಇರಬೇಕು. ಬೇರೆಯವರು ಅಚ್ಚುಹಾಕಿ ಕೊಟ್ಟ ಉತ್ತರವನ್ನು ನಂಬುವದಕ್ಕೂ ಲೆಕ್ಕವನ್ನು ತಾನೇ ತಾಳೆನೋಡುವದಕ್ಕೂ ಅಂತರವು ಬಹಳ.

ಭಾರತದಲ್ಲಿ ಈ ಭಾಷೆಯ ಬೋಧನೆಯು ವ್ಯಾಪಕವಾಗಿ ಪ್ರಾರಂಭವಾದುದು 1963ರಲ್ಲಿ, ಕಾನಪುರದ ಐಐಟಿಗೆ ಐಬಿಎಂ 1620 ಯಂತ್ರವು ಬಂದ ಮೇಲೆ. ಅಲ್ಲಿ ಹೊರಗಿನ ವಿಜ್ಞಾನಿಗಳಿಗೂ ಅಧ್ಯಾಪಕರಿಗೂ ಅಲ್ಪಾವಧಿಯ ಪಾಠಕ್ರಮಗಳು ನಡೆದವು. ಬೆಂಗಳೂರಿನ ಭಾರತೀಯ ವಿಜ್ಞಾನಸಂಸ್ಥೆಯಲ್ಲಿ ಓದಿ, ಅಮೇರಿಕೆಯಲ್ಲಿ ಹೆಚ್ಚಿನ ಅಭ್ಯಾಸವನ್ನು ಮುಗಿಸಿ, ಆ ವರ್ಷವೇ ಕಾನಪುರವನ್ನು ಸೇರಿದ ವಿ. ರಾಜಾರಾಮನ್ ಅವರು ಈ ಬೋಧನೆಯಲ್ಲಿ ಪ್ರಮುಖರು. ಯಂತ್ರವು ಬಂದರೂ ಭಾರತೀಯ ವಿದ್ಯಾರ್ಥಿಯ ಕೈಗೆಟಕುವ ಪುಸ್ತಕವಿರಲಿಲ್ಲ. ಪರದೇಶದ ಗ್ರಂಥಗಳ ಬೆಲೆಯು ಅವನ ಶಕ್ತಿಗೆ ಮೀರಿದ್ದಾಗಿತ್ತು. ಆ ಕೊರತೆಯನ್ನು ತುಂಬಲು ಅವರು ಬರೆದ ಗ್ರಂಥವು 1969ರಲ್ಲಿ ಅಗ್ಗದ ಬೆಲೆಗೆ ಪ್ರಕಟವಾಯಿತು. ಬಳಿಕ ಫೋರ್ಟ್ರಾನ್ 4, ಫೋರ್ಟ್ರಾನ್ 77, ಫೋರ್ಟ್ರಾನ್ 90 ಹೀಗೆ ಭಾಷೆಯು ಬೆಳೆದಂತೆಲ್ಲ ಅವರ ಪುಸ್ತಕಗಳೂ ಬೆಳೆದವು. 1982ರಲ್ಲಿ ಅವರು ಬೆಂಗಳೂರಿನ ಸಂಸ್ಥೆಗೆ ಹಿಂದಿರುಗಿದರು. ಯಂತ್ರಕ್ಕಿಂತ ಪುಸ್ತಕವೇ ಹೆಚ್ಚು ಜನರನ್ನು ತಲುಪಿತೆಂಬುದು ಈ ವೃತ್ತಾಂತದಲ್ಲಿ ಗಮನಿಸತಕ್ಕ ಅಂಶ.

ಅಂದಿನ ದಿನಗಳಲ್ಲಿ ಕಂಪೈಲರು ಯಂತ್ರದೊಡನೆಯೇ ಬರುವ ವಸ್ತುವಾಗಿತ್ತು. ಯಂತ್ರವಿಲ್ಲದವನಿಗೆ ಅದರ ಮಾತೇ ಇರಲಿಲ್ಲ. ಮುಂದೆ ಮೇಜಿನ ಮೇಲಿನ ಚಿಕ್ಕ ಗಣಕಗಳು ಬಂದಾಗಲೂ ಒಳ್ಳೆಯ ಫೋರ್ಟ್ರಾನ್ ಕಂಪೈಲರು ಹಣ ಕೊಟ್ಟು ಕೊಳ್ಳುವ ಸರಕಾಗಿಯೇ ಉಳಿಯಿತು. ಗ್ನೂ ಸಂಘಟನೆಯವರ ಉಚಿತ ಕಂಪೈಲರುಗಳ ಗುಂಪಿನಲ್ಲಿ ಮೊದಲು ಜಿ77 ಎಂಬುದೂ, 2005ರಲ್ಲಿ ಅದರ ಸ್ಥಾನಕ್ಕೆ ಜಿಫೋರ್ಟ್ರಾನ್ ಎಂಬುದೂ ಬಂದುದರಿಂದ ಈ ಸ್ಥಿತಿಯು ಬದಲಾಯಿತು. ಲಿನಕ್ಸ್ ವ್ಯವಸ್ಥೆಯುಳ್ಳ ಗಣಕದಲ್ಲಿ ಒಂದೇ ಆಜ್ಞೆಯಿಂದ ಅದನ್ನು ಸ್ಥಾಪಿಸಿಕೊಳ್ಳಬಹುದು. ವಿಂಡೋಸ್ ಗಣಕಗಳಿಗೂ ಅದು ದೊರೆಯುತ್ತದೆ. ಹತ್ತು ವರ್ಷದ ಹಳೆಯ ಯಂತ್ರವಾದರೂ ಅಭ್ಯಾಸಕ್ಕೆ ಧಾರಾಳವಾಗಿ ಸಾಕು. ಇಂಟೆಲ್ ಸಂಸ್ಥೆಯು ಹಿಂದೆ ಮಾರುತ್ತಿದ್ದ ತನ್ನ ಕಂಪೈಲರನ್ನು ಈಗ ಉಚಿತವಾಗಿ ಒದಗಿಸುತ್ತಿದೆ. ಸ್ವಂತ ಗಣಕವಿಲ್ಲದವರಿಗೆ, ಕ್ರಮವನ್ನು ಬರೆದೊಡನೆ ಅಂತರ್ಜಾಲದ ಪುಟದಲ್ಲಿಯೇ ನಡೆಯಿಸಿ ತೋರಿಸುವ ತಾಣಗಳುಂಟು. ಮೊಬೈಲ್ ಫೋನಿನಿಂದಲೂ ಅಲ್ಲಿ ಕೆಲಸವು ಸಾಗುತ್ತದೆ. ಪ್ರಾರಂಭದವನಿಗೆ ಜಿಫೋರ್ಟ್ರಾನೇ ತಕ್ಕದ್ದು. ಎರಡು ಮೂರನ್ನು ಒಟ್ಟಿಗೆ ಇರಿಸಿಕೊಳ್ಳುವದರಿಂದ ಗೊಂದಲವಲ್ಲದೆ ಲಾಭವಿಲ್ಲ.

ಪುಸ್ತಕವನ್ನು ಆರಿಸುವಲ್ಲಿ ಮಾತ್ರ ಎಚ್ಚರವು ಬೇಕು. ಕಾಲೇಜಿನ ಗ್ರಂಥಭಂಡಾರಗಳಲ್ಲಿಯೂ ಹಳೆಯ ಪುಸ್ತಕಗಳ ಅಂಗಡಿಗಳಲ್ಲಿಯೂ ಸಾಮಾನ್ಯವಾಗಿ ಕೈಗೆ ಬರುವವು ಫೋರ್ಟ್ರಾನ್ 4 ಅಥವಾ 77ರ ಕಾಲದವು. ಅವುಗಳಲ್ಲಿ ಪ್ರತಿಯೊಂದು ಸಾಲಿನ ಮೊದಲಿನ ಐದು ಮನೆಗಳು ಸಾಲಿನ ಸಂಖ್ಯೆಗೆ, ಆರನೆಯದು ಹಿಂದಿನ ಸಾಲು ಮುಂದುವರಿದಿದೆಯೆಂಬ ಗುರುತಿಗೆ, ಏಳರಿಂದ 72ರ ವರೆಗಿನವು ಆಜ್ಞೆಗೆ ಮೀಸಲಾಗಿರುತ್ತವೆ. ಇದು 80 ಮನೆಗಳ ತೂತುಪಟ್ಟಿಯ ಕಾಲದ ಉಳಿಕೆ. ಆ ಪಟ್ಟಿಯನ್ನು ಕಂಡರಿಯದ ಹುಡುಗನಿಗೆ ಈ ನಿಯಮವು ಅರ್ಥವಿಲ್ಲದ ಮಡಿಯಂತೆ ತೋರುವದರಲ್ಲಿ ಆಶ್ಚರ್ಯವಿಲ್ಲ. ಫೋರ್ಟ್ರಾನ್ 90ರಿಂದೀಚೆಗೆ ಈ ಕಟ್ಟು ಸಡಿಲಿದೆ. ಜಿಫೋರ್ಟ್ರಾನು ಎರಡನ್ನೂ ಸ್ವೀಕರಿಸುವದಾದರೂ, ಕಡತದ ಹೆಸರಿನ ಬಾಲದಲ್ಲಿ ‘ಎಫ್’ ಎಂದಷ್ಟೇ ಇದ್ದರೆ ಹಳೆಯ ಮನೆಗಟ್ಟನ್ನೂ, ‘ಎಫ್90’ ಎಂದಿದ್ದರೆ ಹೊಸ ಸ್ವಚ್ಛಂದ ಬರಹವನ್ನೂ ನಿರೀಕ್ಷಿಸುತ್ತದೆ. ಹೊಸ ರೀತಿಯ ಬರಹಕ್ಕೆ ಹಳೆಯ ಬಾಲವನ್ನು ಅಂಟಿಸಿ, ತಪ್ಪುಗಳ ಸುರಿಮಳೆಯನ್ನು ಕಂಡು ಕಂಪೈಲರೇ ಕೆಟ್ಟಿದೆಯೆಂದು ಬಿಟ್ಟುಬಿಡುವ ಪ್ರಸಂಗವು ಸುಲಭವಾಗಿ ಬರುವಂಥದು. ಹೊಸ ಕ್ರಮಕ್ಕೆ ರಾಜಾರಾಮನ್ನರ ಫೋರ್ಟ್ರಾನ್ 90 ಮತ್ತು 95ರ ಗ್ರಂಥವು ಯೋಗ್ಯವಾಗಿದೆ. 2020ರಲ್ಲಿ ಪ್ರಾರಂಭವಾದ ಫೋರ್ಟ್ರಾನ್-ಲ್ಯಾಂಗ್ ತಾಣದ ಪಾಠಗಳು ಇನ್ನೂ ಹೊಸವು, ಬೆಲೆಯಿಲ್ಲದವು. ಮುಂಬಯಿ ಐಐಟಿಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಲಿನಕ್ಸ್ ಮೊದಲಾದ ವಿಷಯಗಳ ಪಾಠಗಳನ್ನು ಕನ್ನಡದ ಧ್ವನಿಯಲ್ಲಿಯೂ ಕೇಳಬಹುದಾದುದರಿಂದ, ಗಣಕದ ಪ್ರಥಮ ಪರಿಚಯಕ್ಕೆ ಅವು ನೆರವಾಗುವವು.

ಇಷ್ಟಾದರೂ ಇಂಗ್ಲಿಷ್ ಗ್ರಂಥವನ್ನು ಕನ್ನಡಕ್ಕೆ ಪದಶಃ ತಿರುಗಿಸಿಬಿಟ್ಟರೆ ಕೆಲಸವಾಯಿತೆಂದು ಎಣಿಸಲಾಗದು. ಏಕೆಂದರೆ ಕನ್ನಡಿಗನಿಗೆ ಮಾತ್ರ ಎದುರಾಗುವ ತೊಡಕುಗಳು ಆ ಗ್ರಂಥಗಳಲ್ಲಿ ಇರುವದೇ ಇಲ್ಲ. ಫೋರ್ಟ್ರಾನಿನಲ್ಲಿ ಪರಿಮಾಣಗಳಿಗೆ ಇಡುವ ಹೆಸರುಗಳು ರೋಮನ್ ಅಕ್ಷರ, ಅಂಕೆ, ಅಡಿಗೆರೆಗಳಿಂದಲೇ ಆಗಬೇಕು. ದೊಡ್ಡಕ್ಷರ ಸಣ್ಣಕ್ಷರಗಳ ಭೇದವನ್ನು ಈ ಭಾಷೆಯು ಗಣಿಸುವದಿಲ್ಲ. ಕನ್ನಡವನ್ನು ರೋಮನ್ನಿನಲ್ಲಿ ಬರೆಯಲು ‘ಬರಹ’ ಮೊದಲಾದ ತಂತ್ರಾಂಶಗಳಿಂದ ರೂಢವಾದ ಪದ್ಧತಿಯಲ್ಲಿ ಲಕಾರಕ್ಕೆ ಸಣ್ಣ ಎಲ್, ಳಕಾರಕ್ಕೆ ದೊಡ್ಡ ಎಲ್. ಈಗ ರೈತನ ಮಗನೊಬ್ಬನು ತನ್ನ ಹೊಲದ ಉತ್ಪನ್ನದ ಲೆಕ್ಕವನ್ನು ಬರೆಯುತ್ತಾನೆನ್ನಿರಿ. ಕಿಲೋವಿಗೆ 60 ರೂಪಾಯಿ ‘ಬೆಲೆ’, 400 ಕಿಲೋ ‘ಬೆಳೆ’, ಇವೆರಡರ ಗುಣಾಕಾರ. 24,000 ಬರಬೇಕಾದಲ್ಲಿ ಯಂತ್ರವು 1,60,000 ಎಂದು ಹೇಳುವದು! ಬೆಲೆಯೂ ಬೆಳೆಯೂ ಅದಕ್ಕೆ ಒಂದೇ ಹೆಸರಾದುದರಿಂದ, ಎರಡನೆಯ ಸಲ ಕೊಟ್ಟ 400 ಮೊದಲಿನ 60ನ್ನು ಅಳಿಸಿ, 400ನ್ನು 400ರಿಂದಲೇ ಗುಣಿಸಿದಂತಾಯಿತು. ಕಂಪೈಲರು ತುಟಿಪಿಟ್ಟೆನ್ನದು.

ಇದಕ್ಕಿಂತ ಗೂಢವಾದುದು ‘ಮಳೆ’ಯ ಪ್ರಸಂಗ. ಹೆಸರಿನ ಜಾತಿಯನ್ನು ಮೊದಲೇ ಸಾರದಿದ್ದರೆ, ಐ ಮೊದಲ್ಗೊಂಡು ಎನ್ ವರೆಗಿನ ಆರು ಅಕ್ಷರಗಳಿಂದ ಪ್ರಾರಂಭವಾಗುವ ಹೆಸರುಗಳು ಪೂರ್ಣಾಂಕಗಳೆಂದು ಫೋರ್ಟ್ರಾನ್ ಎಣಿಸುತ್ತದೆ. ಮಳೆಯ ಮೊದಲಕ್ಷರವು ಎಂ. ಆದುದರಿಂದ 12.7 ಮಿಲಿಮೀಟರು ಮಳೆಯು ಬಿದ್ದಿತೆಂದು ಬರೆದರೆ ಯಂತ್ರದಲ್ಲಿ 12 ಮಾತ್ರ ಉಳಿಯುವದು. ದಿನದಿನದ ಭಿನ್ನಾಂಶಗಳು ಹೀಗೆ ಹಾರಿಹೋದರೆ ಹಂಗಾಮಿನ ಮೊತ್ತವು ಏನಾಗುವದೆಂಬುದನ್ನು ಹೇಳಬೇಕಾಗಿಲ್ಲ. ‘ಇಂಪ್ಲಿಸಿಟ್ ನನ್’ ಎಂಬ ಸಾಲನ್ನು ಆದಿಯಲ್ಲಿ ಬರೆದು ಎಲ್ಲ ಹೆಸರುಗಳನ್ನೂ ಸಾರಿಬಿಟ್ಟರೆ ಈ ಎರಡೂ ದೋಷಗಳು ಬಯಲಿಗೆ ಬರುವವು: ಮಳೆಯು ದಶಮಾಂಶದ ಜಾತಿಗೆ ಸೇರುವದು, ಬೆಲೆ ಬೆಳೆಗಳೆರಡನ್ನೂ ಸಾರಿದೊಡನೆ, ಒಂದೇ ಹೆಸರು ಎರಡು ಸಲ ಬಂದಿತೆಂದು ಕಂಪೈಲರು ತಡೆಯುವದು. ಇಂಗ್ಲಿಷ್ ಪುಸ್ತಕಗಳೂ ಈ ಸಾಲನ್ನು ಉಪದೇಶಿಸುತ್ತವೆ, ಆದರೆ ಲಕಾರ ಳಕಾರಗಳ ಮಾತು ಅಲ್ಲಿ ಹೇಗೆ ಬಂದೀತು?

ಅಕ್ಷರಗಳ ಎಣಿಕೆಯಲ್ಲಿಯೂ ಇಂತಹದೇ ವಿಚಾರವುಂಟು. ‘ಕನ್ನಡ’ ಎಂಬ ಪದವು ಎಷ್ಟು ಉದ್ದವೆಂದು ಸಾಧಾರಣ ರೀತಿಯಲ್ಲಿ ಕೇಳಿದರೆ ಯಂತ್ರವು 15 ಎನ್ನುವದು. ಅದು ಎಣಿಸಿದ್ದು ಯುಟಿಎಫ್-8 ಸಂಕೇತದ ಬೈಟುಗಳನ್ನು. ಐಎಸ್ಒ 10646ರ ಜಾತಿಯೆಂದು ಸಾರಿ ಕೇಳಿದರೆ ಜಿಫೋರ್ಟ್ರಾನು 5 ಎನ್ನುವದು; ಈಗ ಎಣಿಸಿದ್ದು ವಿರಾಮಚಿಹ್ನೆಯೂ ಸೇರಿದ ಯುನಿಕೋಡ್ ಸಂಕೇತಗಳನ್ನು. ಛಂದಸ್ಸನ್ನು ಬಲ್ಲವನ ಉತ್ತರವು ಅಕ್ಷರಗಳು ಮೂರು, ಒತ್ತಿನ ಹಿಂದಿನ ಕಕಾರವು ಗುರುವಾದುದರಿಂದ ಮಾತ್ರೆಗಳು ನಾಲ್ಕು. ಈ ಮೂರನ್ನೂ ನಾಲ್ಕನ್ನೂ ಯಂತ್ರಕ್ಕೆ ಕಲಿಸುವ ನಿಯಮವನ್ನು ಬರೆಯಬಲ್ಲವನು ಕನ್ನಡದ ಅಧ್ಯಾಪಕನೇ.

ಛಂದಶ್ಶಾಸ್ತ್ರದ ಪ್ರಸ್ತಾರವಂತೂ ಈ ಭಾಷೆಯ ಪ್ರಥಮ ಪಾಠಕ್ಕೆ ಹೇಳಿಮಾಡಿಸಿದಂತಿದೆ. ಗುರುವಿಗೆ ಸೊನ್ನೆ, ಲಘುವಿಗೆ ಒಂದು ಎಂದಿಟ್ಟು, ಮೊದಲ ಅಕ್ಷರಕ್ಕೆ 1, ಎರಡನೆಯದಕ್ಕೆ 2, ಮೂರನೆಯದಕ್ಕೆ 4 ಹೀಗೆ ಇಮ್ಮಡಿಸುವ ಬೆಲೆಗಳನ್ನು ಕೊಟ್ಟರೆ, ಸೊನ್ನೆಯಿಂದ ಏಳರ ವರೆಗೆ ಎಣಿಸುವ ಒಂದು ಆವರ್ತನೆಯಲ್ಲಿ ಮ-ಯ-ರ-ಸ-ತ-ಜ-ಭ-ನ ಎಂಬ ಎಂಟು ಗಣಗಳು ಶಾಸ್ತ್ರೋಕ್ತ ಕ್ರಮದಲ್ಲಿಯೇ ಹೊರಬರುತ್ತವೆ. ಉದ್ದಿಷ್ಟವೆಂಬುದು ಆ ಬೆಲೆಗಳನ್ನು ಕೂಡಿಸಿ ಒಂದನ್ನು ಸೇರಿಸುವದು: ಲಘು-ಗುರು-ಲಘುವಿಗೆ 1, 4 ಕೂಡಿ 5, ಅದಕ್ಕೆ ಒಂದು ಸೇರಿ ಆರನೆಯದು, ಅದು ಜಗಣ. ಇದೇ ಲೆಕ್ಕವನ್ನು 20 ಅಕ್ಷರಗಳ ಉತ್ಪಲಮಾಲೆಗೆ ಹಚ್ಚಿದರೆ, ಅಂತಹ ಪಾದದ 10,48,576 ಭೇದಗಳಲ್ಲಿ ಅದು 3,55,799ನೆಯದೆಂದು ಗೊತ್ತಾಗುವದು. ಕೈಯಿಂದ ಪ್ರಸ್ತರಿಸಲು ಒಂದು ಆಯುಷ್ಯವೂ ಸಾಲದ ಈ ಪಟ್ಟಿಯನ್ನು ಹತ್ತಿಪ್ಪತ್ತು ಸಾಲುಗಳ ಕ್ರಮವು ಚಹಾ ಆರುವಷ್ಟರಲ್ಲಿ ಮುಗಿಸುವದು.

ಗಣಿತವನ್ನು ಕನ್ನಡದಲ್ಲಿ ಬರೆಯುವದು ಹೊಸ ಸಾಹಸವೇನಲ್ಲ. 12ನೆಯ ಶತಮಾನದ ರಾಜಾದಿತ್ಯನ ವ್ಯವಹಾರಗಣಿತವೂ ಕ್ಷೇತ್ರಗಣಿತವೂ ಕನ್ನಡದವೇ. ಪಂಪಭಾರತವನ್ನು ಸಂಪಾದಿಸಿದ ಬೆಳ್ಳಾವೆ ವೆಂಕಟನಾರಣಪ್ಪನವರು ಭೌತಶಾಸ್ತ್ರದ ಅಧ್ಯಾಪಕರು. 1918ರಲ್ಲಿ ‘ವಿಜ್ಞಾನ’ ಮಾಸಪತ್ರಿಕೆಯನ್ನು ಹೊರಡಿಸಿದವರಲ್ಲೊಬ್ಬರು. ಸವಾಯಿ ಗಂಧರ್ವರು ಕುಂದಗೋಳದಲ್ಲಿದ್ದಾಗ ಗಂಗೂಬಾಯಿ ಹಾನಗಲ್ಲರು ಪಾಠಕ್ಕಾಗಿ ಹುಬ್ಬಳ್ಳಿಯಿಂದ ರೈಲಿನಲ್ಲಿ ಅಲ್ಲಿಗೆ ಹೋಗುತ್ತಿದ್ದರು. ಗಣಕವಿದ್ಯೆಯನ್ನರಸುವವನು ಅದೇ ಹಾದಿಯಲ್ಲಿ ಕುಂದಗೋಳದಿಂದ ಹೊರಕ್ಕೆ ಹೋಗುತ್ತಾನೆ. ಕಂಪೈಲರು ಅವನ ಮನೆಯಲ್ಲಿಯೇ ದೊರೆಯುವದಾದ ಮೇಲೆ, ಅವನನ್ನು ಹೊರಡಿಸುವದು ಪಾಠದ ಅಭಾವವೇ ಹೊರತು ಯಂತ್ರದ ಅಭಾವವಲ್ಲ.

ಬೇಕಾದ ಗ್ರಂಥವು ದೊಡ್ಡದಾಗಬೇಕಾಗಿಲ್ಲ. ಜಿಫೋರ್ಟ್ರಾನನ್ನು ಸ್ಥಾಪಿಸುವ ವಿಧಾನ, ಕಡತದ ಬಾಲದ ನಿಯಮ, ಹೆಸರಿಡುವ ಬಗೆ, ಆವರ್ತನೆ, ಸರಣಿ, ಉಪಕ್ರಮ, ಕಡತವನ್ನು ಓದುವದು, ಇಷ್ಟು ವಿಷಯಗಳಿಗೆ ನೂರಿನ್ನೂರು ಪುಟಗಳು ಸಾಕು. ಉದಾಹರಣೆಗಳು ಮಳೆಯ ಅಳತೆಯಿಂದ, ಮಾರುಕಟ್ಟೆಯ ಲೆಕ್ಕದಿಂದ, ಪ್ರಸ್ತಾರದಿಂದ ಬರಬೇಕು. ಡು, ಇಫ್, ಎಂಡ್ ಮೊದಲಾದ ಆಜ್ಞಾಪದಗಳು ಭಾಷೆಯ ಅಂಗಗಳಾದುದರಿಂದ ಅವುಗಳನ್ನು ಅನುವಾದಿಸಲಾಗದು. ಹೊಲ ಮತ್ತು ಹೋಳ, ಹಲ್ಲಿ ಮತ್ತು ಹಳ್ಳಿಗಳಂತೆ ರೋಮನ್ನಿನಲ್ಲಿ ಒಂದಾಗಿಬಿಡುವ ಜೋಡುಪದಗಳ ಪಟ್ಟಿಯೊಂದು ಮಾತ್ರ ಅನುಬಂಧದಲ್ಲಿ ಅವಶ್ಯವಾಗಿರತಕ್ಕದ್ದು.