ಅಸಾಯಿ ಹಣ್ಣು ಮತ್ತು ಜೀವಕೋಶದ ತುಕ್ಕು

ಅಸಾಯಿ, ಅಮೆಜಾನ್ ನದಿ ಕಡಲು ಸೇರುವ ಜೌಗು ನೆಲದಲ್ಲಿ ಬೆಳೆಯುವ ತಾಳೆ ಜಾತಿಯ ಮರ. ಅಡಿಕೆ, ತೆಂಗುಗಳ ಕುಟುಂಬಕ್ಕೇ ಸೇರಿದ ಇದರ ಸಸ್ಯಶಾಸ್ತ್ರೀಯ ಹೆಸರು ಯೂಟರ್ಪೆ ಓಲರೇಸಿಯ. ಗೊನೆಗಳಲ್ಲಿ ಬಿಡುವ ಕಡುನೇರಳೆ ಬಣ್ಣದ ಪುಟ್ಟ ಹಣ್ಣಿನಲ್ಲಿ ಬೀಜವೇ ಹೆಚ್ಚು, ತಿರುಳು ತೆಳುವಾದ ಪದರ. ಬ್ರೆಜಿಲ್‌ನ ಪಾರಾ ರಾಜ್ಯದ ಜನ ಈ ತಿರುಳನ್ನು ನೀರಿನೊಂದಿಗೆ ಮಸೆದು, ಮರಗೆಣಸಿನ ಹಿಟ್ಟು, ಮೀನುಗಳ ಜೊತೆ ನಿತ್ಯವೂ ಉಣ್ಣುತ್ತಾರೆ.

ಪ್ರಾಣಿಗಳ ಜೀವಕೋಶಗಳು ಆಮ್ಲಜನಕ ಬಳಸಿ ಶಕ್ತಿ ಪಡೆಯುವಾಗ ಸೂಪರ್‌ಆಕ್ಸೈಡ್‌ನಂಥ ಚುರುಕು ಕಣಗಳು ಹುಟ್ಟುತ್ತವೆ. ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್, ಕ್ಯಾಟಲೇಸ್ ಮುಂತಾದ ಕಿಣ್ವಗಳು ಅವನ್ನು ನಿಷ್ಕ್ರಿಯಗೊಳಿಸುತ್ತವೆ. ಕಣಗಳ ಉತ್ಪತ್ತಿ ಈ ರಕ್ಷಣೆಯನ್ನು ಮೀರಿದಾಗ, ಕಬ್ಬಿಣಕ್ಕೆ ತುಕ್ಕು ಹಿಡಿದಂತೆ ಕೊಬ್ಬು, ಪ್ರೋಟೀನ್, ಡಿಎನ್‌ಎಗಳು ಕೆಡುತ್ತವೆ. ಇದೇ ಉತ್ಕರ್ಷಣ ಒತ್ತಡ. ಅತಿಕೊಬ್ಬಿನ ಆಹಾರ, ಮಧುಮೇಹ, ತಂಬಾಕಿನ ಹೊಗೆ ಇದನ್ನು ಹೆಚ್ಚಿಸುತ್ತವೆ.

ಅಸಾಯಿಯ ನೇರಳೆ ಬಣ್ಣಕ್ಕೆ ಕಾರಣ ಆಂಥೋಸಯಾನಿನ್‌ಗಳು; ಮುಖ್ಯವಾಗಿ ಸಯಾನಿಡಿನ್‌ನ ಎರಡು ರೂಪಗಳು. ಪ್ರಯೋಗನಾಳದಲ್ಲಿ ಇವು ಚುರುಕು ಕಣಗಳನ್ನು ತಣಿಸುತ್ತವೆ. ಆದರೆ ದೇಹದೊಳಗಿನ ಪರಿಣಾಮ ತಿಳಿಯಲು ಪ್ರಾಣಿಗಳ ಅಥವಾ ಮನುಷ್ಯರ ಮೇಲಿನ ಪ್ರಯೋಗ ಬೇಕು.

ಬ್ರೆಜಿಲ್ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಇಲಿಗಳ ಆಹಾರಕ್ಕೆ ಶೇ. 2ರಷ್ಟು ಅಸಾಯಿ ತಿರುಳು ಬೆರೆಸಲಾಯಿತು. ಸಾಮಾನ್ಯ ಆಹಾರ ತಿಂದ ಇಲಿಗಳಲ್ಲೂ ಕೊಲೆಸ್ಟರಾಲ್ ಹೆಚ್ಚಿಸುವ ಆಹಾರ ತಿಂದವುಗಳಲ್ಲೂ, ಪ್ರೋಟೀನ್ ಹಾನಿಯನ್ನು ಸೂಚಿಸುವ ಕಾರ್ಬೊನಿಲ್‌ಗಳ ಪ್ರಮಾಣ ರಕ್ತದಲ್ಲಿ ತಗ್ಗಿತು. ಕೊಲೆಸ್ಟರಾಲ್ ಹೆಚ್ಚಿದ್ದ ಇಲಿಗಳಲ್ಲಿ ಮಾತ್ರ ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್‌ನ ಚಟುವಟಿಕೆಯೂ ಇಳಿಯಿತು. ಕಣಗಳ ಹಾವಳಿ ಕಡಿಮೆಯಾದಾಗ ಕಿಣ್ವದ ಅಗತ್ಯವೂ ಕುಗ್ಗುತ್ತದೆ ಎಂದು ಇದನ್ನು ಅರ್ಥೈಸಬಹುದು. ಅದೇ ವರ್ಷದ ಮತ್ತೊಂದು ಅಧ್ಯಯನದಲ್ಲಿ, ಅತಿಕೊಬ್ಬಿನ ಆಹಾರ ತಿಂದ ಹೆಣ್ಣು ಹಣ್ಣುನೊಣಗಳ ಆಯುಷ್ಯ ಅಸಾಯಿಯಿಂದ ಹೆಚ್ಚಿತು. ಸಿಗರೇಟ್ ಹೊಗೆಗೆ ಒಡ್ಡಿದ ಇಲಿಗಳಿಗೆ ಅಸಾಯಿ ಸಾರ ಕೊಟ್ಟಾಗ ಶ್ವಾಸಕೋಶದ ಉರಿಯೂತ ತಗ್ಗಿದ್ದೂ ದಾಖಲಾಗಿದೆ. ದೇಹ ಒತ್ತಡದಲ್ಲಿದ್ದಾಗ ಈ ಹಣ್ಣು ನೆರವಾಗಬಲ್ಲದು ಎಂಬುದನ್ನು ಈ ಪ್ರಯೋಗಗಳು ತೋರಿಸುತ್ತವೆ.

ಈ ಫಲಿತಾಂಶಗಳನ್ನು ಮನುಷ್ಯರಿಗೆ ಹಾಗೆಯೇ ಅನ್ವಯಿಸಲಾಗದು. ಪ್ರಯೋಗದ ಇಲಿಗಳ ಆಹಾರ ಒಂದೇ ಬಗೆಯದು. ಮನುಷ್ಯರ ಊಟ, ವಯಸ್ಸು, ಕಾಯಿಲೆಗಳು ನೂರೆಂಟು. ತಿಂದ ಆಂಥೋಸಯಾನಿನ್‌ನಲ್ಲಿ ಅಲ್ಪ ಭಾಗವಷ್ಟೇ ಮೂಲ ರೂಪದಲ್ಲಿ ರಕ್ತ ಸೇರುತ್ತದೆ. ಸಕ್ಕರೆ ಬೆರೆಸಿದ ಅಸಾಯಿ ಪೇಯಗಳಿಂದ ಅನಗತ್ಯ ಕ್ಯಾಲೊರಿಯೂ ಬರುತ್ತದೆ. ಅಮೆಜಾನ್ ಪ್ರದೇಶದಲ್ಲಿ ಶುಚಿಯಿಲ್ಲದೆ ತಯಾರಿಸಿದ ಹಸಿ ರಸದ ಮೂಲಕ ಚಾಗಸ್ ಎಂಬ ಪರಾವಲಂಬಿ ರೋಗ ಹರಡಿದ್ದುಂಟು. ಹಾಗಾಗಿ ಹಣ್ಣನ್ನು ಬಿಸಿನೀರಿನಲ್ಲಿ ಅದ್ದಿ ತೆಗೆಯುವ ಅಥವಾ ರಸವನ್ನು ಪಾಶ್ಚರೀಕರಿಸುವ ಕ್ರಮ ಅಗತ್ಯ.

ಅಸಾಯಿ ಒಳ್ಳೆಯ ಆಹಾರ ಎನ್ನಲು ಆಧಾರವಿದೆ. ಔಷಧಿ ಎನ್ನಲು ಸದ್ಯಕ್ಕಿಲ್ಲ. ದುಬಾರಿ ಪುಡಿ, ಮಾತ್ರೆಗಳ ಜಾಹೀರಾತು ನಂಬಿ ವೈದ್ಯರು ಕೊಟ್ಟ ಚಿಕಿತ್ಸೆಯನ್ನು ಯಾರೂ ಕೈಬಿಡಬಾರದು.