ಹಬ್ಬದ ದಿನ ರೈಲಿಗೂ ರಜೆ ಬೇಕೆ?

ಇಂಗ್ಲೆಂಡಿನಲ್ಲಿ ಡಿಸೆಂಬರ್ 25ರಂದು ರೈಲು ಓಡುವುದಿಲ್ಲವೆಂದರೆ ನಮ್ಮಲ್ಲಿ ಅನೇಕರು ನಂಬಲಾರರು. ಲೋಕಕ್ಕೆ ಉಗಿಬಂಡಿಯನ್ನು ಕೊಟ್ಟ ದೇಶವೇ ಕ್ರಿಸ್ಮಸ್ ದಿನ ನಿಲ್ದಾಣಗಳಿಗೆ ಬೀಗ ಹಾಕಿ ಮನೆಯಲ್ಲಿ ಕುಳಿತುಬಿಡುತ್ತದೆ. ಆ ದಿನ ಲಂಡನ್ ನಗರದ ಸುರಂಗ ರೈಲೂ ಮಲಗಿರುತ್ತದೆ. ಮಾರನೆಯ ದಿನವೂ ಹೆಚ್ಚಿನ ಮಾರ್ಗಗಳಲ್ಲಿ ಸಂಚಾರವಿರುವುದಿಲ್ಲ. ಇದು ಅಲ್ಲಿ ಮೊದಲಿನಿಂದ ಬಂದ ಪದ್ಧತಿಯೇನೂ ಅಲ್ಲ. ಕ್ರಿಸ್ಮಸ್ ದಿನದ ಗಾಡಿಗಳು ಬಹುಮಟ್ಟಿಗೆ ನಿಂತುಹೋದದ್ದು 1960ರ ದಶಕದಲ್ಲಿ. ಹೀಗೆ ನಿಲ್ಲಿಸುವುದು ನ್ಯಾಯವೇ, ಮತ್ತೆ ಓಡಿಸಬೇಕೇ ಎಂಬ ಚರ್ಚೆ ಅಲ್ಲಿ ಆಗಾಗ ತಲೆಯೆತ್ತುತ್ತಲೇ ಇರುತ್ತದೆ.

ನಮ್ಮ ದೇಶದಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ. ಹಬ್ಬ ಬಂದರೆ ರೈಲು ನಿಲ್ಲುವುದಿರಲಿ, ಇರುವ ರೈಲು ಸಾಲದೆ ಹೆಚ್ಚಿನ ಗಾಡಿಗಳನ್ನು ಬಿಡಬೇಕಾಗುತ್ತದೆ. ದಸರೆ, ದೀಪಾವಳಿಗಳಿಗೆ ಬಿಡುವಂತೆಯೇ ಕ್ರಿಸ್ಮಸ್ ರಜೆಗೂ ನೈಋತ್ಯ ರೈಲ್ವೆಯವರು ವಿಶೇಷ ಗಾಡಿಗಳನ್ನು ಬಿಡುತ್ತಾರೆ. ಆದರೆ ಆ ಗಾಡಿಯನ್ನು ನಡೆಸುವವನಿಗೂ ಹೆಂಡತಿ ಮಕ್ಕಳಿಲ್ಲವೆ, ಅವನ ಮನೆಯಲ್ಲಿಯೂ ಹಬ್ಬವಿಲ್ಲವೆ ಎಂಬ ಪ್ರಶ್ನೆ ನಮ್ಮಲ್ಲಿ ಏಳುವುದು ಅಪರೂಪ. ಆದುದರಿಂದ ಆಂಗ್ಲರ ಪದ್ಧತಿಯನ್ನು ನಗೆಯಾಡಿ ಬಿಡುವುದಕ್ಕಿಂತ ನಮ್ಮ ನೆಲದ ಮೇಲಿಟ್ಟು ತೂಗಿ ನೋಡುವುದು ಮೇಲು. ತೂಗಲು ಚಿತ್ರದುರ್ಗ ಜಿಲ್ಲೆಯ ನಾಲ್ಕು ಊರುಗಳನ್ನು ತೆಗೆದುಕೊಳ್ಳೋಣ.

ನಾಲ್ಕು ಊರು, ನಾಲ್ಕು ಪಾಡು

ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ಹಳಿ ಬೀರೂರನ್ನು ದಾಟಿ ಈ ಜಿಲ್ಲೆಯ ಪಶ್ಚಿಮದ ಅಂಚನ್ನು ಹಿಡಿದು ಸಾಗುತ್ತದೆ. ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ಅದರಿಂದ ಒಂದು ಕವಲು ಒಡೆದು ಚಿತ್ರದುರ್ಗಕ್ಕೆ ಬರುತ್ತದೆ. ಅಲ್ಲಿಂದ ರಾಯದುರ್ಗದ ಮೂಲಕ ಬಳ್ಳಾರಿಯ ಕಡೆಗೆ ಹೋಗುತ್ತದೆ. ಹೊಳಲ್ಕೆರೆಯವರು ಹೀಗೆ ಅದೃಷ್ಟವಂತರು. ದೊಡ್ಡ ಹಾದಿಯೇ ಅವರ ತಾಲ್ಲೂಕಿನೊಳಗೆ ಹಾಯುತ್ತದೆ. ಹೊಸದುರ್ಗದವರಿಗೆ ದೊರೆತಿರುವುದು ‘ಹೊಸದುರ್ಗ ರೋಡ್’ ಎಂಬ ನಿಲ್ದಾಣ. ರೈಲ್ವೆಯವರ ಭಾಷೆಯಲ್ಲಿ ಊರ ಹೆಸರಿನ ಮುಂದೆ ‘ರೋಡ್’ ಎಂದು ಬರೆದಿದ್ದರೆ, ಇಳಿದ ಮೇಲೆ ಇನ್ನೂ ದಾರಿ ಬಾಕಿಯಿದೆ ಎಂದೇ ಅರ್ಥ. ಜಿಲ್ಲೆಯ ಮುಖ್ಯಪಟ್ಟಣವಾದ ಚಿತ್ರದುರ್ಗದಲ್ಲಿ ನಿಲ್ದಾಣವುಂಟು. ಅದಿರಿನ ಗಾಡಿಗಳು ಹಾಯುತ್ತವೆ. ಪ್ರಯಾಣಿಕರ ಗಾಡಿಗಳು ಮಾತ್ರ ಬೆರಳಿನಲ್ಲಿ ಎಣಿಸುವಷ್ಟು. ಇನ್ನು ಹಿರಿಯೂರು! ಆ ಊರಿಗೆ ಹಳಿಯೇ ಇಲ್ಲ. ತುಮಕೂರಿನಿಂದ ಶಿರಾ, ಹಿರಿಯೂರು, ಚಿತ್ರದುರ್ಗಗಳ ಮೂಲಕ ದಾವಣಗೆರೆಗೆ ಸುಮಾರು 190 ಕಿಲೋಮೀಟರ್ ಉದ್ದದ ಹೊಸ ಮಾರ್ಗಕ್ಕೆ 2011-12ರಲ್ಲಿ ಒಪ್ಪಿಗೆ ದೊರೆಯಿತು. ಆ ವರ್ಷ ಶಾಲೆಗೆ ಸೇರಿದ ಮಕ್ಕಳು ಇಂದು ಕಾಲೇಜಿನ ಮೆಟ್ಟಿಲು ಹತ್ತಿದ್ದಾರೆ. ಹಿರಿಯೂರಿನವರು ಇಂದಿಗೂ ಬಸ್ಸನ್ನೇ ಹತ್ತುತ್ತಿದ್ದಾರೆ.

ನಿಲ್ಲಿಸುವವರ ವಾದ

ರೈಲಿಗೆ ರಜೆ ಬೇಕೆನ್ನುವವರ ವಾದದಲ್ಲಿ ತಿರುಳಿಲ್ಲದೆ ಇಲ್ಲ. ಮೊದಲನೆಯದು, ದುಡಿಯುವವನಿಗೂ ಹಬ್ಬವಿದೆ ಎಂಬ ಮಾನವೀಯತೆ. ಎರಡನೆಯದು, ದುರಸ್ತಿಯ ಅವಶ್ಯಕತೆ. ಓಡುವ ಗಾಡಿಗಳ ನಡುವೆ ಹಳಿ ಬದಲಿಸುವುದು ಸುಲಭವಲ್ಲ. ಇಂಗ್ಲೆಂಡಿನಲ್ಲಿ ವರ್ಷದ ಅತಿ ದೊಡ್ಡ ದುರಸ್ತಿಗಳನ್ನು ಕ್ರಿಸ್ಮಸ್ ಸಮಯಕ್ಕೆಂದೇ ಇಟ್ಟುಕೊಳ್ಳುತ್ತಾರೆ. ಇಸ್ರೇಲಿನಲ್ಲಿ ಶುಕ್ರವಾರ ಮಧ್ಯಾಹ್ನದಿಂದ ಶನಿವಾರ ಸಂಜೆಯವರೆಗೆ, ಅವರ ಸಬ್ಬತ್ ಮುಗಿಯುವ ತನಕ, ರೈಲು ಓಡುವುದಿಲ್ಲ. ಆ ಬಿಡುವಿನಲ್ಲಿ ದುರಸ್ತಿ ಮಾಡಬಹುದೇ ಕೂಡದೇ ಎಂಬ ವಿಷಯಕ್ಕೆ 2016ರಲ್ಲಿ ಅಲ್ಲಿಯ ಸರ್ಕಾರವೇ ಇಕ್ಕಟ್ಟಿಗೆ ಸಿಕ್ಕಿತ್ತು. ಅಷ್ಟು ದೂರ ಏಕೆ? ದೆಹಲಿಯ ಮೆಟ್ರೋ ಹೋಳಿಯ ದಿನ ಬೆಳಗ್ಗೆ ಓಡುವುದಿಲ್ಲ. ಮಧ್ಯಾಹ್ನ ಎರಡೂವರೆಗೆ ಆರಂಭವಾಗುತ್ತದೆ. ಮುಂಬಯಿಯ ಲೋಕಲ್ ಗಾಡಿಗಳಿಗೆ ಭಾನುವಾರಗಳಂದು ಕೆಲವು ಗಂಟೆಗಳ ‘ಮೆಗಾ ಬ್ಲಾಕ್’ ಎಂಬ ಬಿಡುವುಂಟು. ಆಕಾಶವೇನೂ ಕಳಚಿ ಬೀಳಲಿಲ್ಲ.

ಹಾಗಾದರೆ ಇಡೀ ದೇಶಕ್ಕೆ ಒಂದು ದಿನದ ರಜೆ ಏಕೆ ಕೂಡದು?

ಕೂಡದೆನ್ನಲು ಕಾರಣ ಸರಳವಾದ ಲೆಕ್ಕದಲ್ಲಿದೆ. ಬೆಂಗಳೂರಿನಂತಹ ಕಡೆ ಹತ್ತು ಗಾಡಿಗಳಲ್ಲಿ ಐದನ್ನು ನಿಲ್ಲಿಸಿದರೆ ಇನ್ನೈದು ಉಳಿಯುತ್ತವೆ. ಜನ ನೂಕಿಕೊಂಡಾದರೂ ಊರು ಸೇರುತ್ತಾರೆ. ಹೊತ್ತಿಗೊಂದು ಗಾಡಿ ಬರುವ ಕವಲು ಹಾದಿಯಲ್ಲಿ ಆ ಒಂದನ್ನು ನಿಲ್ಲಿಸಿದರೆ ಉಳಿಯುವುದು ಸೊನ್ನೆ. ಆಜ್ಞೆ ಎಲ್ಲರಿಗೂ ಒಂದೇ ಆದರೂ ಅದರ ಭಾರ ಎಲ್ಲರ ಮೇಲೆ ಒಂದೇ ಸಮನಾಗಿ ಬೀಳುವುದಿಲ್ಲ. ಇಂಗ್ಲೆಂಡಿನಲ್ಲಿಯೂ ಆ ದಿನ ಕೈಕಟ್ಟಿ ಕೂರುವವರು ಸ್ವಂತ ಮೋಟಾರಿಲ್ಲದವರೇ. ಉಳ್ಳವರು ತಮ್ಮ ವಾಹನದಲ್ಲಿ ಹೊರಟುಹೋಗುತ್ತಾರೆ.

ರೈಲು ನಿಂತರೆ ಪ್ರಯಾಣ ನಿಲ್ಲುವುದಿಲ್ಲ, ರಸ್ತೆಗಿಳಿಯುತ್ತದೆ. ಹಬ್ಬದ ಮುನ್ನಾದಿನ ಖಾಸಗಿ ಬಸ್ಸುಗಳ ದರ ಎಷ್ಟಕ್ಕೇರುತ್ತದೆಂಬುದು ಯಾರಿಗೆ ತಿಳಿಯದು? ದುಡ್ಡಿನ ಮಾತು ಹಾಗಿರಲಿ. ಬೆಂಗಳೂರಿನಿಂದ ಉತ್ತರ ಕರ್ನಾಟಕಕ್ಕೆ ಹೋಗುವ ರಾತ್ರಿಯ ಸಂದಣಿಯೆಲ್ಲ ಹಿರಿಯೂರು, ಚಿತ್ರದುರ್ಗಗಳ ಹೆದ್ದಾರಿಯಲ್ಲಿಯೇ ಹಾಯಬೇಕು. 2020ರ ಆಗಸ್ಟ್ 12ರಂದು ವಿಜಯಪುರದಿಂದ ಬೆಂಗಳೂರಿಗೆ ಬರುತ್ತಿದ್ದ ಬಸ್ಸು ಹಿರಿಯೂರು ತಾಲ್ಲೂಕಿನಲ್ಲಿ ಹೊತ್ತಿ ಉರಿದು ಐವರು ಸತ್ತರು. 2025ರ ಡಿಸೆಂಬರ್ 25ರ ನಸುಕಿನಲ್ಲಿ, ಕ್ರಿಸ್ಮಸ್ ದಿನವೇ, ಅದೇ ತಾಲ್ಲೂಕಿನಲ್ಲಿ ಗೋಕರ್ಣದ ಕಡೆಗೆ ಹೊರಟಿದ್ದ ಸ್ಲೀಪರ್ ಬಸ್ಸಿಗೆ ಎದುರಿನಿಂದ ಲಾರಿಯೊಂದು ರಸ್ತೆಯ ವಿಭಜಕವನ್ನು ದಾಟಿ ಬಂದು ಅಪ್ಪಳಿಸಿತು. ಬಸ್ಸು ಬೆಂಕಿಗೆ ಆಹುತಿಯಾಯಿತು. ರಜೆಗೆಂದು ಹೊರಟವರಲ್ಲಿ ಹಲವರು ಮತ್ತೆ ಮನೆ ಸೇರಲಿಲ್ಲ. ಈ ಅನಾಹುತಗಳಿಗೆ ರೈಲಿನ ಅಭಾವವೇ ಕಾರಣವೆಂದರೆ ಅದು ಅನ್ಯಾಯದ ಮಾತಾದೀತು. ಆದರೆ ಹಬ್ಬದ ರಾತ್ರಿ ಹಳಿಯ ಮೇಲಿಂದ ಇಳಿಸಿದ ಪ್ರತಿಯೊಬ್ಬ ಪ್ರಯಾಣಿಕನನ್ನೂ ನಾವು ಈ ಹೆದ್ದಾರಿಗೆ ಒಪ್ಪಿಸುತ್ತೇವೆ ಎಂಬುದನ್ನು ಮರೆಯಲಾಗದು.

ರೈಲೆಲ್ಲ ನಿಂತರೆ ಏನಾಗುವುದೆಂಬುದನ್ನು ನಾವು ಕಂಡವರೂ ಹೌದು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಹೊರಟ ಗಾಡಿಯೊಡನೆ ಆರಂಭವಾದ ಸಂಚಾರ, 2020ರ ಮಾರ್ಚ್ ಕೊನೆಯಲ್ಲಿ ಕೋವಿಡ್ ನಿಮಿತ್ತ ದೇಶಾದ್ಯಂತ ನಿಂತಿತು. ಮೇ ತಿಂಗಳ ಆರಂಭದಲ್ಲಿ ಶ್ರಮಿಕರ ವಿಶೇಷ ಗಾಡಿಗಳು ಹೊರಡುವವರೆಗೆ ಕೂಲಿಯವರು ಊರಿಗೆ ನಡೆದೇ ಹೊರಟರು. ರೋಗದ ಕಾಲದ ಮಾತು ಬೇರೆ, ಹಬ್ಬದ ಮಾತು ಬೇರೆ. ಆದರೂ ಒಂದು ಪಾಠ ಎರಡಕ್ಕೂ ಸಲ್ಲುತ್ತದೆ: ರೈಲು ನಿಂತಾಗ ಮೊದಲು ಕಾಲು ನೋಯುವುದು ಬಡವನದು.

ಹಾಗಾದರೆ ದುಡಿಯುವವನ ಗತಿ?

ರೈಲು ಓಡಲೇಬೇಕು ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಓಡಿಸುವವನ ಬೆವರು ನಮ್ಮದಲ್ಲವಲ್ಲ! ಗಾಡಿ ನಡೆಸುವವರಿಗೆ ತಿಂಗಳಲ್ಲಿ 30 ಗಂಟೆಗಳ ವಿಶ್ರಾಂತಿ ನಾಲ್ಕು ಬಾರಿ, ಇಲ್ಲವೆ 22 ಗಂಟೆಗಳದು ಐದು ಬಾರಿ ದೊರೆಯಬೇಕೆಂದು 2005ರ ನಿಯಮಗಳು ಹೇಳುತ್ತವೆ. ಇದು ಸಾಲದೆಂದು ಲೋಕೋ ಪೈಲಟರು ಬಹುಕಾಲದಿಂದ ಕೂಗುತ್ತಿದ್ದಾರೆ. ಡಿಸೆಂಬರ್ ತಿಂಗಳ ಚಳಿಯಲ್ಲಿ ಹಳಿಯ ಉಕ್ಕು ಸಂಕುಚಿಸುತ್ತದೆ. ಬಿರುಕು ಬಿಡುವ ಭಯವಿರುವ ಕಡೆಗಳಲ್ಲಿ ಗ್ಯಾಂಗಿನವರು ರಾತ್ರಿಯೆಲ್ಲ ದೀಪ ಹಿಡಿದು ಹಳಿ ನೋಡುತ್ತ ನಡೆಯುತ್ತಾರೆ. ನಾವು ಕಂಬಳಿ ಹೊದೆದು ಮಲಗಿ ಊರು ಸೇರುವುದು ಅವರ ಎಚ್ಚರದ ಬಲದಿಂದ. ರಾಷ್ಟ್ರೀಯ ರಜಾದಿನಗಳಂದು ದುಡಿದವರಿಗೆ ಪ್ರತ್ಯೇಕ ಭತ್ಯೆಯೇನೋ ಉಂಟು. ಆದರೆ ಭತ್ಯೆ ಮಕ್ಕಳೊಡನೆ ಕುಳಿತು ಉಣ್ಣುವ ಊಟವಾಗಲಾರದು.

ಇಲ್ಲಿ ನಮ್ಮ ದೇಶಕ್ಕೊಂದು ಅನುಕೂಲವಿದೆ. ಇಂಗ್ಲೆಂಡಿನಲ್ಲಿ ಹೆಚ್ಚು ಕಡಿಮೆ ಎಲ್ಲರ ಹಬ್ಬವೂ ಒಂದೇ ದಿನ. ಬದಲಿಗೆ ಬರುವವರು ಯಾರು? ನಮ್ಮಲ್ಲಿ ಹಾಗಲ್ಲ. ಕ್ರಿಸ್ಮಸ್ ದಿನ ಕ್ರೈಸ್ತ ಗಾರ್ಡಿನ ಪಾಳಿಯನ್ನು ಹಿಂದೂ ಒಬ್ಬನು ಹೊರಬಹುದು; ದೀಪಾವಳಿಗೆ ಅವನ ಪಾಳಿಯನ್ನು ಮುಸಲ್ಮಾನನು, ರಂಜಾನ್ ಹಬ್ಬಕ್ಕೆ ಈತನದನ್ನು ಮತ್ತೊಬ್ಬನು ಹೊರಬಹುದು. ಇಷ್ಟೊಂದು ಹಬ್ಬಗಳಿರುವ ನಾಡಿನಲ್ಲಿ ಒಂದೊಂದಕ್ಕೂ ಗಾಡಿ ನಿಲ್ಲಿಸಹೊರಟರೆ ಹಳಿಗೆ ತುಕ್ಕು ಹಿಡಿದೀತು. ಪಾಳಿ ಬದಲಿಸಿಕೊಂಡರೆ ಗಾಡಿಯೂ ಓಡುತ್ತದೆ, ಹಬ್ಬವೂ ನಡೆಯುತ್ತದೆ. ಆದರೆ ಇದು ಸ್ನೇಹಿತರ ದಾಕ್ಷಿಣ್ಯಕ್ಕೆ ಬಿಡುವ ಮಾತಲ್ಲ. ಬದಲಿಗೆ ಬರುವಷ್ಟು ಜನ ಇಲಾಖೆಯಲ್ಲಿರಬೇಕು. ಖಾಲಿ ಹುದ್ದೆಗಳನ್ನು ತುಂಬದೆ ಹಬ್ಬದ ವಿಶೇಷ ಗಾಡಿಗಳನ್ನು ಹೆಚ್ಚಿಸುತ್ತ ಹೋಗುವುದು, ಇದ್ದ ಎತ್ತುಗಳ ಮೇಲೆಯೇ ಮತ್ತಷ್ಟು ಮೂಟೆ ಹೇರಿದಂತೆ.

ಎಂದಮೇಲೆ ನಿರ್ಣಯವೇನು? ಹಬ್ಬದ ನೂಕುನುಗ್ಗಲು ಇರುವುದು ಹಿಂದಿನ ದಿನಗಳಲ್ಲಿ ಮತ್ತು ಮುಗಿದ ಮೇಲೆ; ಹಬ್ಬದ ದಿನ ನಡುಮಧ್ಯಾಹ್ನದ ಡಬ್ಬಿಗಳು ಹಗುರವಾಗಿರುತ್ತವೆ. ಗಾಡಿಗಳು ಸಾಲುಗಟ್ಟಿರುವ ಮಹಾನಗರಗಳ ಸುತ್ತ ಆ ಕೆಲವು ಗಂಟೆ ಸಂಚಾರವನ್ನು ಇಳಿಸಿ, ಸಿಬ್ಬಂದಿಗೆ ಬಿಡುವು ಕೊಡಲಿ. ಒಂದೆರಡೇ ಗಾಡಿಗಳಿರುವ ಚಿತ್ರದುರ್ಗದಂತಹ ಹಾದಿಯನ್ನು ಮಾತ್ರ ಮುಟ್ಟದಿರಲಿ. ರಜೆಯ ವಿಶೇಷ ಗಾಡಿಗಳು ಚಿಕ್ಕಜಾಜೂರು, ಹೊಸದುರ್ಗ ರೋಡುಗಳಲ್ಲಿ ಎರಡು ನಿಮಿಷ ನಿಲ್ಲಲಿ. ಇಳಿದವರಿಗೆ ಊರಿನ ಬಸ್ಸು ಕಾದಿರಲಿ. ಹಿರಿಯೂರಿನ ಹಳಿ ಬೇಗ ಮುಗಿಯಲಿ.

ರೈಲಿಗೆ ರಜೆ ಕೊಡಬೇಕೇ ಎಂದು ಚರ್ಚಿಸುವುದು ರೈಲು ತುಂಬಿ ತುಳುಕುವ ಊರುಗಳಿಗೆ ಸಲ್ಲುವ ಭೋಗ. ಹಿರಿಯೂರಿನಲ್ಲಿ ಅದಕ್ಕೆ ವರ್ಷವಿಡೀ ರಜೆಯೇ. ಮೊದಲು ಅಲ್ಲಿಗೆ ಗಾಡಿ ಬರಲಿ. ಅದನ್ನು ನಡೆಸುವವನಿಗೆ ಸರದಿಯಂತೆ ಹಬ್ಬದೂಟ ಸಿಗಲಿ. ಆಮೇಲೆ ಗಾಡಿಗೇ ರಜೆ ಬೇಕೆನಿಸಿದರೆ, ಕುಳಿತು ಮಾತಾಡೋಣ.